ಮೂರು ಸಲ ಹೇಳಿದ ದಾರಿ

ಆ ಬಾಗಲಾ ಹಾಕ್ರಿ ಮೊದಲ. ಚಿಲಕಾನೂ ಹಾಕ್ರಿ... ಹಾಂ. ಇದು ಯಾರೋ ಹೇಳಿ ಯಾರೋ ಕೇಳಿದ್ದಲ್ಲ. ನಮ್ಮ ಕಾಕಾನ ಮಗ ಸಮಾಧಾನಗ ಆಗಿದ್ದು. ಅಕ್ಕೋಳದಾಗ ಇನ್ನೂ ಅದಾನ, ಬೇಕಾದ್ರ ಹೋಗಿ ಕೇಳ್ರಿ. ಅಂವ ಹೇಳೂದಿಲ್ಲ, ಆ ಮಾತು ಬ್ಯಾರೆ.

ಸಮಾಧಾನಗ ಗಾಡಿ ಹುಚ್ಚ. ಸೂಟಿ ಸಿಕ್ರ ಸಾಕು, ಮೋಟರಸೈಕಲ್ ಏರಿ ಕೊಂಕಣಕ್ಕೋ ಪಂಢರಪುರಕ್ಕೋ ನಡದ ಬಿಡ್ತಿದ್ದ. ದಾರಿ ನೋಡಾಕ ಮೊಬೈಲ್ ಹ್ಯಾಂಡಲ್‌ಗೆ ಕಟ್ಟತಿದ್ದ. ಬಿಸಲಾಗ ಅದು ಕಾದು ಬಂದ್ ಬೀಳ್ತಿತ್ತು. ಮಳಿ ಹನಿ ಬಿದ್ರ ತನ್ನಷ್ಟಕ್ಕ ತಾನ ಒತ್ಕೊಂಡು ಎಲ್ಲೆಲ್ಲೋ ಹೋಗ್ತಿತ್ತು. ಅದಕ್ಕ, ದಾರಿ ತೋರಿಸೂದೊಂದ ಕೆಲಸಾ ಮಾಡೂವಂಥ ಜಿಪಿಎಸ್ ಡಬ್ಬಿನ ತಗೋತೀನಿ ಅಂದ. ಕೈಗವಸು ಹಾಕ್ಕೊಂಡ ಒತ್ತಿದ್ರೂ ಕೇಳಬೇಕು, ಬಿಸಲಾಗ ಕಾಣಬೇಕು, ರೇಂಜ್ ಇಲ್ಲದಲ್ಲೂ ನಕಾಶೆ ಒಳಗ ಇರಬೇಕು... ಹೆಣ್ಣ ನೋಡಾಕ ಹೋದಾಗೂ ಇಷ್ಟ ಕೇಳಿರಲಿಲ್ಲ ಅಂವ.

ಕಡೀಕ ನಿಪ್ಪಾಣಿ ದೋಸ್ತ ನಿತಿನ ಒಂದ ಹಳೇದ ತಂದ ಕೊಟ್ಟ.

"ಇದರ ಮಾಲಕ ಯಾರಲೇ?"

"ಕಾಗವಾಡ ಕಡ್ಯಾಂವ. ಈಗ ಅಂವ ಗಾಡಿ ಹೊಡಿಯೂದಿಲ್ಲಪಾ."

ಹಳೇ ಮಾಲಕ ಹಾಕಿದ್ದ ಮನಿ ಗುರುತ ಅಳಸಿ, ತನ್ನ ಅಕ್ಕೋಳದ ಮನಿ ಹಾಕ್ಕೊಂಡ. ಅಳಸೇನಿ ಅಂತಾನ. ನಾ ನಂಬತೀನಿ.

ಅವರವ್ವ ಸತ್ತೆವ್ವ ಕಾಕುಗ ಅದು ಮನಸಿಗೆ ಬರಲಿಲ್ಲ. "ದಾರಿ ಕೇಳಾಕ ಮಂದಿ ಇಲ್ಲೇನೋ? ಕತ್ತಲ್ಯಾಗ ಒಂದ ಸಲಾ ಕರದ್ರ ಓ ಅನಬ್ಯಾಡ, ನೆನಪಿಡು. ದೆವ್ವ ಮೂರ ಸಲಾ ಕರಿಯೂದಿಲ್ಲ."

ಅಂವ ನಕ್ಕ. "ಇದು ಪ್ರತಿ ಟರ್ನಿಗೂ ಮೂರ ಸಲಾ ಹೇಳ್ತೈತಿ ಬೇ. ದೂರ ಇದ್ದಾಗೊಮ್ಮೆ, ಸಮೀಪ ಬಂದಾಗೊಮ್ಮೆ, ಹೊಳ್ಳೂ ಮುಂದೊಮ್ಮೆ."

ಕಾಕುನೂ ಒಪ್ಪಿದ್ಲು. ಅಲ್ಲೇ ತಪ್ಪಾತು.

ಆವತ್ತ ವಿಜಯಪುರದಿಂದ ಹೊಳ್ಳಿ ಬರಾಕತ್ತಿದ್ದ. ಕಾಕು ಯಡೂರಿಗೆ ಮಗಳ ಮನೀಗೆ ಹೋಗಿದ್ಲು. ಮನ್ಯಾಗ ಅವನ ಹೆಂಡತಿ ನೀಲಮ ಒಬ್ಬಾಕಿನ. ತುಂಬಿದ ಬಸರಿ. ಅದಕ್ಕ ಲಗೂ ಮುಟ್ಟಬೇಕಂತ ಗಡಬಡಿ ಮಾಡಿದ್ದ.

ಅಥಣಿ ದಾಟಿದ ಮ್ಯಾಲ ಗವ್ವನ ಕತ್ತಲ. ಎರಡೂ ಕಡೆ ಕಬ್ಬ.

ಟಿಂಗ್... "ಆಗೇ ದಾಯೇ ಮುಡಿಯೆ."

ಬಲಕ್ಕ ಹೊಳ್ಳಂತ ಹಿಂದ್ಯಾಗ ಅಂತು ಡಬ್ಬಿ. ಮನಿ ದಾರಿ ಬಲಕ್ಕಲ್ಲ, ಅವಗ ಗೊತ್ತಿತ್ತು.

ಟಿಂಗ್... ಮತ್ತ ಅದನ್ನ ಅಂತು. ಟಿಂಗ್... ಮೂರನೇ ಸಲಾ. ಮುಂದ ರಸ್ತೆ ಅಗದಿರಬೇಕು ಅಂದ್ಕೊಂಡ ಹೊಳ್ಳಿಸಿದ.

ಮಂಗಸೂಳಿ ಹಿಂದ ಹೋತು. ಡಾಂಬರ ಹೋಗಿ ಮಣ್ಣ ಬಂತು. ಒಂದ ಆಲದ ಗಿಡದ ಕೆಳಗ ಗಾಡಿ ಫಟ್... ಫಟ್... ಫುಸ್ ಅಂತು. ಪೆಟ್ರೋಲ್ ಇತ್ತು. ಕಿಕ್ ಹೊಡದು ಹೊಡದು ಕಾಲ ಸೋತ್ವು. ನೂಕೊಂತ ನಡದ.

ಅಲ್ಲೊಂದ ಬಾವಿ. ಹಗ್ಗ ಇಲ್ಲದ ಗಡಗಡಿ... ಕಿರ್ರ್... ಕಿರ್ರ್... ಒಂದ ಎಲಿ ಅಲುಗಾಡುವಷ್ಟ ಗಾಳಿ ಇರಲಿಲ್ಲ. ಬಾವಿ ಆಚೆ ಮಾಳಗಿ ಬಿದ್ದ ಮನಿ. ಚೌಕಟ್ಟ ಐತಿ, ಬಾಗಲಾ ಇಲ್ಲ.

ಟಿಂಗ್... "ಆಪ್ ಘರ್ ಪಹುಂಚ್ ಗಯೇ ಹೈಂ."

ಮನಿ ಬಂತಂತ!

ಮೊಬೈಲಿಗೆ ರೇಂಜಿನ ಒಂದ ಕಡ್ಡಿ ಇತ್ತು. ನೀಲಮಗ ಹಚ್ಚಿದ.

"ಬಚ್ಚಲದಾಗ ನಿಂತು ಯಾಕ ಫೋನ್ ಮಾಡಾಕತ್ತೀರಿ?" ಅಂದ್ಲು ಆಕಿ.

"ನಾ... ನಾ ಕಾಗವಾಡ ಕಡೆ ಅದೀನಿ, ನೀಲಾ."

ಒಳಗ ನೀರ ಸುರಿಯೂ ಸಪ್ಪಳ ಇವಗ ಫೋನಿನ್ಯಾಗ ಕೇಳಸ್ತು. ಕಾಲ ತೊಳಕೊಳ್ಳೂ ಸಪ್ಪಳ... ಚಳ್... ಚಳ್...

"ಮೂರ ಸಲಾ ಕರದ್ರಿ," ಅಂತ ಪಿಸುಗುಟ್ಟಿದ್ಲು, "ಅದಕ್ಕ ಬಾಗಲಾ ತಗದೇನ್ರಿ."

"ಹೊರಗ ಹೋಗು. ಹಿತ್ತಲ ಬಾಗಲದಿಂದ..."

ರೇಂಜ್ ಹೋತು.

ಆಮ್ಯಾಲ ಏನ ಮಾಡ್ತಾನ್ರಿ ಮನಷ್ಯಾ? ನಡಕ ಕೃಷ್ಣಾ ಹೊಳಿ, ಚಿಕ್ಕೋಡಿ, ನಿಪ್ಪಾಣಿ. ಆ ಡಬ್ಬಿ ಕಿತ್ತ ಬಾವ್ಯಾಗ ಒಗದ. ಗುಳುಂ ಅನ್ನಲಿಲ್ಲ, ಏನೂ ಅನ್ನಲಿಲ್ಲ. ಒದರಿದ, ಓಡಿದ, ಹೊಳ್ಳಿ ಬಂದು ಕಿಕ್ ಹೊಡದ. ಕುಂತ ಅತ್ತ. ಅವನ ಜಾಗಾದಾಗ ನಾನೂ ಅಳತಿದ್ದೆ. ಬೆಳಕ ಹರದ ಮ್ಯಾಲ ಗಾಡಿ ಒಂದ ಕಿಕ್ಕಿಗೆ ಚಾಲೂ ಆತು.

ಮನೀಗೆ ಬಂದ್ರ ನೀಲಮ ಬಾಜೂಮನಿ ಬಾಳಾಸಾಬನ ಕಟ್ಟಿ ಮ್ಯಾಲ ಕೌದಿ ಹೊಚ್ಕೊಂಡ ಕುಂತಿದ್ಲು. ಜೀವಂತ ಇದ್ಲು. ಅಷ್ಟ ಸಾಕಿತ್ತು ಅವಗ, ಆಕಿ ಬಾಜೂಕ ಕುಂತ.

"ಮಾರಿ ನೋಡಿದೇನ?" ಅಂತ ಕೇಳಿದ.

"ನಿಮ್ಮದ ಇತ್ರಿ."

ಬಾಳಾಸಾಬ ರಾತ್ರೀನ ಬ್ಯಾಟರಿ ಹಿಡದು ಎಲ್ಲಾ ಹುಡಿಕಿದ್ದ. ಯಾರೂ ಇರಲಿಲ್ಲ. ನನಗ ಸುದ್ದಿ ಮುಟ್ಟಿ ನಾನೂ ಹೋದೆ. ಆಕಿ ಸಮಾಧಾನಗಂತ ನೀಡಿಟ್ಟಿದ್ದ ರೊಟ್ಟಿ, ಝುಣಕಾ ಖಾಲಿ. ತಾಟ ತೊಳದು ಬಚ್ಚಲ ಕಟ್ಟಿ ಮ್ಯಾಲ ಬೋರಲ ಹಾಕಿತ್ತು.

ಆಕಿ ತೊಳದಿಲ್ಲ. ಸಮಾಧಾನಂತೂ ಹುಟ್ಟಿದಾಗಿಂದ ತನ್ನ ತಾಟ ತಾ ತೊಳದಾಂವ ಅಲ್ಲ. ಆಣಿ ಮಾಡಿ ಹೇಳ್ತೀನ್ರಿ, ನಾ ಹೋಗೂದ್ರಾಗ ಬಿಸಲ ಏರಿತ್ತು... ತಾಟಿನಿಂದ ನೀರ ಇನ್ನೂ ಇಳ್ಯಾಕತ್ತಿತ್ತು.