ಕುಪಾಂಗ್ ಪ್ರಬಂಧಕ್ಕೆ ನಾನು ಹಾಕಿದ ಸೊನ್ನೆ

ಮಾನ್ಯ ಅಧ್ಯಕ್ಷೆ ಜೋವಿಟಾ ಮೇಡಂ ಅವರೇ, ನಗರದ ಆ ತುದಿಯ ಬಾಕ್ಸ್ ಹಿಲ್‌ನಿಂದ ಟ್ರಾಫಿಕ್ ದಾಟಿ ಈ ತುದಿಯ ವೆರಿಬೀವರೆಗೆ ಬಂದ ಅತಿಥಿಗಳೇ, ಆಗಲೇ ಚಿತ್ರಾನ್ನದ ಕಡೆ ಕಣ್ಣು ಹಾಯಿಸುತ್ತಿರುವ ಸಭಿಕರೇ,

ಈ ಪರದೇಶದಲ್ಲಿ ನಾವು ನಡೆಸುವ ಭಾನುವಾರದ ಕನ್ನಡ ಶಾಲೆಯ ಈ ವಾರ್ಷಿಕೋತ್ಸವದಲ್ಲಿ ಪ್ರಬಂಧ ಸ್ಪರ್ಧೆಯ ತೀರ್ಪುಗಾರನಾಗಿ ಎರಡು ಮಾತು. ವಿಷಯ ‘ನಮ್ಮ ಊರು’. ಪಕ್ಷಪಾತ ಬೇಡವೆಂದು ಹಾಳೆಗಳ ಮೇಲೆ ಹೆಸರಿಲ್ಲ, ಬರೀ ನಂಬರು. ಆ ನಿಯಮ ತಂದ ಮಹಾನುಭಾವನೂ ನಾನೇ!

ಹನ್ನೊಂದನೇ ಹಾಳೆ ಹೀಗೆ ಶುರುವಾಗುತ್ತದೆ: ‘ಕುಪಾಂಗ್ ಇಂಡೋನೇಷ್ಯಾದ ಊರು. ತಿಮೋರ್ ದ್ವೀಪದ ಪಶ್ಚಿಮದಲ್ಲಿ ಇದೆ. ಅದು ಒಂದು ಪ್ರಾಂತದ ರಾಜಧಾನಿ. ಮೂರು ಲಕ್ಷಕ್ಕಿಂತ ಜಾಸ್ತಿ ಜನ. ಮಳೆ ಸ್ವಲ್ಪ ತಿಂಗಳು ಮಾತ್ರ. ತಾಳೆಮರದ ರಸ ಕಾಯಿಸಿ ಬೆಲ್ಲ ಮಾಡುತ್ತಾರೆ.’

ಇಂಡೋನೇಷ್ಯಾ ಯಾವಾಗ ನಮ್ಮ ಊರಾಯಿತು ಸ್ವಾಮಿ? ಮುಂದೆ ಓದಲೇ ಇಲ್ಲ. ‘ವಿಷಯಾಂತರ’ ಎಂದು ಕೆಂಪಿನಲ್ಲಿ ಬರೆದು ಸೊನ್ನೆ ಹಾಕಿದೆ. ಟೇಬಲ್ ಒರೆಸಲು ಬಂದ ನನ್ನ ಹೆಂಡತಿ ಉಷಾ ಅದನ್ನು ನೋಡಿ, “ರೀ, ಇದು ನಮ್ಮ ಮಧುರಾಂದು! ಸ್ಕೂಲಲ್ಲಿ ಇಂಡೋನೇಷಿಯನ್ ಭಾಷೆ ಕಲೀತಾಳಲ್ಲ, ಆ ಪ್ರಾಜೆಕ್ಟನ್ನೇ ಕನ್ನಡದಲ್ಲಿ ಬರ್ದಿದಾಳೆ. ಮಗಳ ಅಕ್ಷರ ಗೊತ್ತಾಗ್ಲಿಲ್ವಾ?” ಎಂದಳು.

ಗೊತ್ತಾಗಲಿಲ್ಲ, ಸಭಿಕರೇ. ಹೇಗೆ ಗೊತ್ತಾಗಬೇಕು? ಅವಳ ನೋಟ್‌ಬುಕ್ಕನ್ನು ನಾನೆಂದೂ ತೆರೆದವನಲ್ಲ. ಮೂರು ವರ್ಷದ ಹಿಂದೆ ನಮ್ಮ ಗೃಹಪ್ರವೇಶದಲ್ಲಿ ಅವಳ ಕನ್ನಡವನ್ನು ಅಣಕಿಸಿ ಬಂದವರನ್ನೆಲ್ಲ ನಗಿಸಿದ್ದೆ. ಆವತ್ತಿನಿಂದ ಅವಳು ನನ್ನ ಹತ್ತಿರ ಒಂದು ಮಾತೂ ಕನ್ನಡದಲ್ಲಿ ಆಡಿರಲಿಲ್ಲ. ಇದನ್ನು ಇಲ್ಲಿ ಹೇಳಬೇಕೆಂದಿರಲಿಲ್ಲ, ಬಾಯಿಗೆ ಬಂದುಬಿಟ್ಟಿತು.

ಆಮೇಲೆ ಕೊನೆಯ ಸಾಲು ಓದಿದೆ: ‘ಅಪ್ಪನ ಊರು ಹಾವೇರಿ. ಅದರ ಬಗ್ಗೆ ನನಗೆ ಯಾರೂ ಹೇಳಿಲ್ಲ. ಕುಪಾಂಗ್ ಬಗ್ಗೆ ಟೀಚರ್ ಹೇಳಿದರು.’

ದೀಪದ ಬುಡದಲ್ಲೇ ಕತ್ತಲೆ! ನಾಚಿಕೆಯಾಯಿತು. ಮಗಳ ಕೋಣೆಗೆ ಹೋಗಿ, ಕ್ಷಮೆ ಕೇಳಿ, ಹಾವೇರಿಯ ಏಲಕ್ಕಿ ಮಾಲೆಯಿಂದ ಶುರು ಮಾಡಿದೆ. ಅವಳು ಪೆನ್ನು ಹಿಡಿದು ಇಂಗ್ಲಿಷಿನಲ್ಲೇ ಕೇಳಿದಳು: ಮಳೆ ಎಷ್ಟು? ಜನ ಎಷ್ಟು? ಕುಡಿಯುವ ನೀರು ಎಲ್ಲಿಂದ? ತೀರ್ಪುಗಾರನಿಗೆ ಒಂದಕ್ಕೂ ಸರಿಯಾದ ಉತ್ತರ ಗೊತ್ತಿರಲಿಲ್ಲ. ಮುಂದಿನ ಡಿಸೆಂಬರ್ ರಜೆಗೆ ಊರಿಗೆ ಮೂರು ಟಿಕೆಟ್ ಬುಕ್ ಮಾಡಿದ್ದೇನೆ, ಅಲ್ಲೇ ಕೇಳಿ ಬರೆದುಕೊಳ್ಳುತ್ತಾಳಂತೆ.

ಇವತ್ತು ಆ ಪ್ರಬಂಧವನ್ನು ಇಲ್ಲಿ ಓದುತ್ತೀಯಾ ಎಂದು ಕೇಳಿದ್ದೆ. “ಓದ್ತೀನಿ. ಬಟ್ ನೀವು ಮಧ್ಯ ಕರೆಕ್ಟ್ ಮಾಡ್ಬಾರ್ದು, ಅಪ್ಪಾ” ಎಂದಳು. ಕನ್ನಡದಲ್ಲಿ, ಸಭಿಕರೇ, ಕನ್ನಡದಲ್ಲಿ!

ಮಾತು ಕೊಟ್ಟಿದ್ದೇನೆ. ಬಾಮ್ಮ ಮಧುರಾ, ಮೈಕ್ ನಿನ್ನದು. ಕೇಳಿಸಿಕೊಂಡ ನಿಮಗೆಲ್ಲ ಧನ್ಯವಾದ. ನಾನು ಇಲ್ಲಿಗೆ ಬಾಯಿ ಮುಚ್ಚುತ್ತೇನೆ. ನಮಸ್ಕಾರ.