ಅತ್ತೆ ಕೂತರೆ ನಿಲ್ಲುವ ಕಾರು

ಗ್ಯಾರೇಜಿನ ಬೆಂಚಿನ ಮೇಲೆ ನನ್ನ ಸರದಿಗೆ ಕಾಯುತ್ತಿದ್ದೆ. ಎದುರಿನ ಕಾರಿನೊಳಗೆ ಕೂತಿದ್ದ ಮೆಕ್ಯಾನಿಕ್‌ನನ್ನು ಒಬ್ಬ ಹೆಂಗಸು ವಿಚಾರಿಸುತ್ತಿದ್ದರು.

“ಏನಾಗಿದೆ ಅಂತ ಗೊತ್ತಾಯ್ತಾ?”

“ಮೂರು ದಿನ ಓಡಿಸಿದೆ ಅಕ್ಕಾ, ಒಂದ್ಸಲಾನೂ ಆಫ್ ಆಗ್ಲಿಲ್ಲ. ನೀವು ಓಡಿಸುವಾಗ ಯಾವಾಗ ಆಫ್ ಆಗುತ್ತೆ?”

“ನಮ್ಮತ್ತೆ ಮುಂದಿನ ಸೀಟಲ್ಲಿ ಕೂತಾಗ ಮಾತ್ರ.”

“ಅವರೇನ್ ಮಾಡ್ತಾರೆ?”

“ಏನೂ ಇಲ್ಲ. ಎದುರಿಗೆ ಲಾರಿ ಬಂದ್ರೆ ಹೆದರಿ ಕಾಲು ಒತ್ತಿ ಹಿಡೀತಾರೆ, ಬ್ರೇಕ್ ತಮ್ಮ ಹತ್ರಾನೇ ಇರೋ ಹಾಗೆ.”

ಮೆಕ್ಯಾನಿಕ್ ಇಂಜಿನ್ ಚಾಲೂ ಮಾಡಿ, ಪಕ್ಕದ ಸೀಟಿಗೆ ಜರುಗಿ ಕಾಲು ಒತ್ತಿದ. ಇಂಜಿನ್ ನಿಂತುಹೋಯಿತು. ಕೆಳಗಿಳಿದು ಮ್ಯಾಟ್ ಎತ್ತಿ ನೋಡಿದ.

“ಮ್ಯಾಟ್ ಕೆಳಗೆ ಇಂಜಿನ್ ಕಂಪ್ಯೂಟರಿಗೆ ಹೋಗೋ ವೈರಿದೆ, ಒಳಗೇ ತುಂಡಾಗಿದೆ. ಒತ್ತಿದ್ರೆ ಬಿಟ್ಕೊಳ್ಳುತ್ತೆ, ಕಾಲೆತ್ತಿದ್ರೆ ಕೂಡ್ಕೊಳ್ಳುತ್ತೆ.”

“ನಮ್ಮತ್ತೆ ತಮ್ಮ ಕಾಲ್ಗುಣಾನೇ ಸರಿಯಿಲ್ಲ ಅಂತ ಎರಡು ತಿಂಗಳಿಂದ ಬಸ್ಸಲ್ಲೇ ಓಡಾಡ್ತಿದ್ದಾರೆ.”

“ಗುಣದ್ದೇನಿಲ್ಲ ಅಕ್ಕಾ, ಬರೀ ಕಾಲು. ಹೊಸ ವೈರು ಹಾಕ್ತೀನಿ.”

“ಹಳೇದನ್ನ ನನಗೆ ಕೊಡಿ. ಬಾಯಲ್ಲಿ ಹೇಳಿದ್ರೆ ಅವರು ನಂಬಲ್ಲ.”

ಒಂದು ಗಂಟೆಯ ನಂತರ ಆ ಹೆಂಗಸು ಗೇಣುದ್ದದ ವೈರನ್ನು ಕರವಸ್ತ್ರದಲ್ಲಿ ಸುತ್ತಿಟ್ಟುಕೊಂಡು ಫೋನ್ ಮಾಡಿದರು.

“ಅತ್ತೆ, ಬಸ್ ಹತ್ತಬೇಡಿ, ಸ್ಟಾಪಲ್ಲೇ ನಿಂತಿರಿ. ಬಂದೆ.”

ಫೋನಿಟ್ಟು ಕಾರು ಹತ್ತಿ ಹೊರಟುಹೋದರು.