ಹಿಂದಿನ ಸೀಟು

ಚಂದಾಪುರದಲ್ಲಿ ಚಿಮ್ಮನಚೋಡದ ಬಸ್ಸಿಗೆ ಕಾಯುತ್ತಿದ್ದ ಉಮಾದೇವಿ ಪಕ್ಕದ ಗಂಡಹೆಂಡಿರ ಮಾತು ಕೇಳಬಾರದೆಂದು ಮುಖ ತಿರುಗಿಸಿದಳು. ಕಿವಿಗೆ ಬಾಗಿಲಿಲ್ಲವಲ್ಲ. ಆ ಗಂಡನ ಕೈಯಲ್ಲಿ ಕಾರಿನ ಕೀಲಿ, ಉಗುರುಗಳಲ್ಲಿ ಇನ್ನೂ ಗ್ರೀಸು.

“ಕಾರ್ ಇರತಾ ಬಸ್ ಯಾಕ? ಮನೀ ಮುಂದ ಜಾಕ್ ಹಚ್ಚಿ, ಹಿಂದಿನ ಎರಡೂ ಶಾಕ್ ಅಬ್ಸರ್ವರ್ ನಾನೇ ಹೊಸಾವ ಹಾಕೀನಿ. ಈಗ ಒಂದ್ ಧಕ್ಕಿ ಬಡಿಯಂಗಿಲ್ಲ.”

“ಯಾರ ಸಲುವಾಗಿ ಹಾಕೀರಿ?”

“ತೊಗರಿ ಚೀಲ ಒಯ್ಯೋದದ. ಹಿಂದ ಭಾರ ಬಿದ್ರ ಗಾಡಿ ಭಾಳ ಕುಣೀತಿತ್ತು.”

“ನಾ ಬಸುರಿದ್ದಾಗ ಹಿಂದ ಕುಂತು, ‘ಭಾಳ ಎತ್ತಿ ಒಗೀಲಿಕತ್ತದ್ರಿ’ ಅಂದಿದ್ದೆ.”

“ರೋಡ್ ಖರಾಬ್ ಇತ್ತು.”

“ಹೌದ್ರಿ. ಕೂಸು ಹೋದ ಮ್ಯಾಲೂ ರೋಡೇ ಖರಾಬ್ ಅಂದ್ರಿ. ರೋಡ್ ಈಗೂ ಹಂಗೇ ಅದ.”

ಅವನು ಕೀಲಿಯನ್ನು ಬೆರಳಲ್ಲಿ ತಿರುವಿದ. “ಆತು, ಇನ್ನ ಮುಂದಿನ ಸೀಟಿನ್ಯಾಗ ಕುಂದ್ರು.”

“ಅದು ನಿಮ್ಮವ್ವನ ಜಾಗಾ. ನನ್ನ ಜಾಗಾ ತೊಗರಿಗಿ ಕೊಟ್ಟೀರಿ. ಅದನ್ನರ ಜ್ವಾಕಿಲೆ ಒಯ್ರಿ.”

ಬಸ್ಸು ಬಂತು. ಮುಂದಿನ ಸೀಟುಗಳೆಲ್ಲ ಖಾಲಿಯಿದ್ದವು. ಆ ಹೆಂಡತಿ ಅವನ್ನು ದಾಟಿ, ಎಲ್ಲಕ್ಕಿಂತ ಹೆಚ್ಚು ಎತ್ತಿ ಒಗೆಯುವ ಕಟ್ಟಕಡೆಯ ಸೀಟಿಗೆ ಹೋಗಿ ಕುಳಿತಳು.